ಹದಿನೇಳನೆಯ ಪ್ರಕರಣದ ಐದು ವಾರ

ಜಪಾನಿನ ಕಾಶಿವಾ ಎಂಬ ಊರಿನ ಸಂಶೋಧನಾ ಕ್ಯಾಂಪಸ್ಸಿನಲ್ಲಿ ಆ ವರ್ಷ ನನಗೆ ಒಪ್ಪಿಸಿದ್ದ ಕೆಲಸ ಹೇಳುವುದಕ್ಕೆ ಸರಳವಾಗಿತ್ತು. ಬೇರೆ ಬೇರೆ ಆಸ್ಪತ್ರೆಗಳಿಂದ ಬಂದ ಮೂವತ್ತೊಂದು ರೋಗಿಗಳ ಯಕೃತ್ತಿನ ಸ್ಲೈಡುಗಳನ್ನು ಒಂದೊಂದಾಗಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಆಸ್ಪತ್ರೆಯವರು ಬರೆದ ರೋಗನಿರ್ಣಯ ಸರಿಯಾಗಿದೆಯೇ ಎಂದು ಪಟ್ಟಿಯಲ್ಲಿ ಗುರುತು ಹಾಕಬೇಕು. ಮೂವತ್ತೊಂದಕ್ಕೂ ಒಂದೇ ಹೆಸರಿತ್ತು, ಆಂಜಿಯೋಸಾರ್ಕೋಮ. ರಕ್ತನಾಳಗಳ ಒಳಪದರದಿಂದ ಹುಟ್ಟುವ ಕ್ಯಾನ್ಸರ್ ಅದು. ಯಕೃತ್ತಿನಲ್ಲಿ ಬಂದರೆ ರೋಗಿ ವರ್ಷ ದಾಟುವುದು ಅಪರೂಪ. ನನ್ನ ಮುಂದಿದ್ದ ಟ್ರೇಗಳಲ್ಲಿ ಹೆಚ್ಚಿನವು ತೀರಿಕೊಂಡವರ ಸ್ಲೈಡುಗಳೇ.

ಊರಿನಲ್ಲಿ ನಾನು ಪ್ಯಾಥಾಲಜಿಸ್ಟ್ ಆಗಿ ವರದಿಗಳಿಗೆ ಸಹಿ ಹಾಕುತ್ತಿದ್ದವಳು. ಜಪಾನಿನಲ್ಲಿ ಆ ಅಧಿಕಾರ ಇರಲಿಲ್ಲ. ಇಲ್ಲಿ ನಾನು ಎರಡು ವರ್ಷದ ಒಪ್ಪಂದದ ಸಂಶೋಧಕಿ. ನನ್ನ ಅಭಿಪ್ರಾಯ ಸಂಶೋಧನೆಯ ಕಡತಕ್ಕೆ ಹೋಗುತ್ತದೆ, ರೋಗಿಯ ಕಡತಕ್ಕೆ ಹೋಗುವುದಿಲ್ಲ. ರೋಗಿಗಳ ಹೆಸರೂ ನಮಗೆ ಕಾಣುತ್ತಿರಲಿಲ್ಲ. ಒಂದು ಸಂಖ್ಯೆ, ಯಾವ ಆಸ್ಪತ್ರೆ ಎಂಬುದಕ್ಕೆ ಒಂದು ಅಕ್ಷರ, ಜೊತೆಗೆ ವಯಸ್ಸು, ವೃತ್ತಿ, ಚಿಕಿತ್ಸೆಯ ವಿವರ ಇರುವ ಒಂದು ಹಾಳೆ. ವೃತ್ತಿ ಯಾಕೆಂದರೆ, ಕೆಲವು ಕಾರ್ಖಾನೆ ರಾಸಾಯನಿಕಗಳಿಂದಲೂ ಈ ಕ್ಯಾನ್ಸರ್ ಬರುತ್ತದೆ.

ನನ್ನನ್ನು ಇಲ್ಲಿಗೆ ಕರೆಸಿಕೊಂಡವರು ಆ ಲ್ಯಾಬಿನ ಮುಖ್ಯಸ್ಥರು. ಮೈಸೂರಿನವರು, ಜೀನ್‌ಗಳ ಮೇಲೆ ಕೆಲಸ ಮಾಡುವ ವಿಜ್ಞಾನಿ, ಜಪಾನಿಗೆ ಬಂದು ಹದಿನೆಂಟು ವರ್ಷವಾಗಿತ್ತು. ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಸೆನ್ಸೆಯ್, ಅಂದರೆ ಗುರುಗಳು, ಎನ್ನುತ್ತಿದ್ದರು. ನಾನು ಅಣ್ಣ ಎನ್ನುತ್ತಿದ್ದೆ, ಅವರೇ ಹಾಗೆ ಕರೆಯಲು ಹೇಳಿದ್ದರು. ನಾವು ಬಂದಿಳಿದಾಗ ಬಾಡಿಗೆ ಮನೆಗೆ ಜಾಮೀನು ನಿಂತವರು ಅವರು. ಮಗಳ ಶಿಶುವಿಹಾರದ ಅರ್ಜಿಯನ್ನು ಜಪಾನಿ ಲಿಪಿಯಲ್ಲಿ ತುಂಬಿ, ವಾರ್ಡ್ ಕಚೇರಿಯ ಸಾಲಿನಲ್ಲಿ ನಮ್ಮ ಜೊತೆ ನಿಂತವರೂ ಅವರೇ. ಮೊದಲ ತಿಂಗಳು ಅವರ ಹೆಂಡತಿ ಸಾರಿನ ಪುಡಿ, ಉಪ್ಪಿನಕಾಯಿ ಕಟ್ಟಿಕೊಟ್ಟು ಕಳಿಸದ ಭಾನುವಾರವೇ ಇರಲಿಲ್ಲ. ಇದನ್ನೆಲ್ಲ ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಮುಂದೆ ನಡೆದದ್ದನ್ನು ಹೇಳುವಾಗ ಇದನ್ನು ಬಿಟ್ಟುಬಿಡುವ ಆಸೆಯಾಗುತ್ತದೆ, ಬಿಟ್ಟರೆ ಅದು ಸುಳ್ಳಾಗುತ್ತದೆ.

ಮೂವತ್ತೊಂದರಲ್ಲಿ ಅವರಿಗೆ ಬಹಳ ಪ್ರಿಯವಾದದ್ದು ಹದಿನೇಳನೆಯ ಪ್ರಕರಣ. ಐವತ್ತೆಂಟು ವರ್ಷದ ಗಂಡಸು, ವೃತ್ತಿಯಲ್ಲಿ ಕ್ಷೌರಿಕ. ರೋಗ ಪತ್ತೆಯಾಗಿ ಮೂರು ವರ್ಷ ಕಳೆದಿದ್ದರೂ ಬದುಕಿದ್ದರು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧ ಕೊಟ್ಟ ಮೇಲೆ ಗಡ್ಡೆ ಬೆಳೆದಿರಲಿಲ್ಲ. ನಡುವೆ ಬಿಡುವು ಕೊಟ್ಟಿದ್ದರು. ಆ ವಸಂತದಲ್ಲಿ ಸ್ಕ್ಯಾನಿನಲ್ಲಿ ನೆರಳು ಸ್ವಲ್ಪ ದೊಡ್ಡದಾಗಿ ಕಂಡಿದ್ದರಿಂದ ಮತ್ತೆ ಶುರುಮಾಡಿದ್ದರು. ಹೆಚ್ಚಿನವರು ವರ್ಷದೊಳಗೆ ಸತ್ತ ಕಡೆ ಇವರೊಬ್ಬರು ಯಾಕೆ ಇಷ್ಟು ಕಾಲ ಉಳಿದರು? ಅವರ ಗಡ್ಡೆಯ ಜೀನ್‌ಗಳಲ್ಲಿ ಏನು ವಿಶೇಷ? ಅಣ್ಣನ ಲೇಖನ ನಿಂತಿದ್ದೇ ಈ ಪ್ರಶ್ನೆಯ ಮೇಲೆ. ಅದು ಆಗಲೇ ಒಂದು ದೊಡ್ಡ ವಿಜ್ಞಾನ ಪತ್ರಿಕೆಗೆ ಹೋಗಿ, ತಿದ್ದುಪಡಿಗೆಂದು ವಾಪಸ್ಸು ಬಂದಿತ್ತು. ಪರೀಕ್ಷಕರಲ್ಲೊಬ್ಬರು ಎಲ್ಲ ಸ್ಲೈಡುಗಳನ್ನೂ ಒಬ್ಬ ಪ್ಯಾಥಾಲಜಿಸ್ಟ್ ಹೊಸದಾಗಿ ನೋಡಬೇಕು ಎಂದು ಕೇಳಿದ್ದರು. ಆ ಪ್ಯಾಥಾಲಜಿಸ್ಟ್ ನಾನು.

ಮೊದಲ ಹದಿನಾರು ಪ್ರಕರಣಗಳ ಬಗ್ಗೆ ನನಗೆ ಅನುಮಾನ ಬರಲಿಲ್ಲ. ಆಂಜಿಯೋಸಾರ್ಕೋಮ ಕಣ್ಣಿಗೆ ಒರಟಾಗಿ ಕಾಣುವ ರೋಗ. ಜೀವಕೋಶಗಳು ಒಂದರ ಮೇಲೊಂದು ಪೇರಿಕೊಂಡಿರುತ್ತವೆ, ನ್ಯೂಕ್ಲಿಯಸ್ಸುಗಳು ದೊಡ್ಡದಾಗಿ, ಕಪ್ಪಾಗಿ, ಅಂಕುಡೊಂಕಾಗಿ ಇರುತ್ತವೆ, ಇಬ್ಭಾಗವಾಗುತ್ತಿರುವ ಕೋಶಗಳು ಎಲ್ಲೆಂದರಲ್ಲಿ ಸಿಗುತ್ತವೆ. ಹದಿನೇಳನೆಯದರಲ್ಲಿ ಸೂಜಿಯಿಂದ ತೆಗೆದ ಮೂರು ತುಣುಕುಗಳಿದ್ದವು, ಒಂದೊಂದೂ ಶಾವಿಗೆಯ ಎಳೆಗಿಂತ ದಪ್ಪವಿರಲಿಲ್ಲ. ಕಡಿಮೆ ವರ್ಧನೆಯಲ್ಲಿ ನೋಡಿದಾಗ ಅದೂ ಕ್ಯಾನ್ಸರಿನಂತೆಯೇ ಇತ್ತು. ಸಣ್ಣ ಸಣ್ಣ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡು ಬಲೆಯಾಗಿದ್ದವು. ಅಂಚಿನಲ್ಲಿ ಯಕೃತ್ತಿನ ಆರೋಗ್ಯವಂತ ಕೋಶಗಳ ನಡುವೆ ನುಗ್ಗಿದ್ದವು. ತರಬೇತಿಯಲ್ಲಿ ನಮಗೆ ಹೆದರಬೇಕೆಂದು ಕಲಿಸುವುದು ಇವೆರಡಕ್ಕೇ, ಬಲೆ ಮತ್ತು ನುಗ್ಗುವಿಕೆ.

ಲೆನ್ಸ್ ತಿರುಗಿಸಿ ಹತ್ತಿರದಿಂದ ನೋಡಿದೆ. ನಾಳಗಳ ಗೋಡೆಯಲ್ಲಿ ಒಂದೇ ಪದರ ಕೋಶಗಳಿದ್ದವು. ನ್ಯೂಕ್ಲಿಯಸ್ಸುಗಳು ಮೊಳೆಯ ತಲೆಯಂತೆ ಒಳಕ್ಕೆ ಉಬ್ಬಿದ್ದರೂ ಎಲ್ಲವೂ ಒಂದೇ ಗಾತ್ರ, ಒಂದೇ ಬಣ್ಣ. ಇಬ್ಭಾಗವಾಗುತ್ತಿರುವ ಒಂದು ಕೋಶಕ್ಕಾಗಿ ಮೂರು ತುಣುಕುಗಳನ್ನೂ ಈ ತುದಿಯಿಂದ ಆ ತುದಿಗೆ ಎರಡು ಸಲ ಹುಡುಕಿದೆ. ಒಂದೂ ಸಿಗಲಿಲ್ಲ.

ಲ್ಯಾಬಿನ ಟೆಕ್ನಿಷಿಯನ್ ಆ ತುಣುಕುಗಳನ್ನು ಹುದುಗಿಸಿಟ್ಟಿದ್ದ ಮೇಣದ ಅಚ್ಚಿನಿಂದ ಹೊಸ ಪದರಗಳನ್ನು ಕತ್ತರಿಸಿಕೊಟ್ಟರು. ವಿಶೇಷ ಬಣ್ಣಗಳನ್ನು ಹಾಕಿಸಿದೆ. ಕೋಶಗಳು ರಕ್ತನಾಳದವೇ ಎಂದು ತೋರಿಸುವ ಬಣ್ಣ ಎಲ್ಲ ಕಡೆ ಹಿಡಿದಿತ್ತು. ಬೆಳೆಯುತ್ತಿರುವ ಕೋಶಗಳನ್ನು ಕಂದು ಮಾಡುವ ಬಣ್ಣ ನೂರು ಕೋಶಕ್ಕೆ ಎರಡೋ ಮೂರೋ ಕಡೆ ಮಾತ್ರ ಹಿಡಿದಿತ್ತು. ಆಂಜಿಯೋಸಾರ್ಕೋಮದಲ್ಲಿ ಅದೇ ಬಣ್ಣ ಸ್ಲೈಡನ್ನೇ ಕಂದು ಮಾಡಿಬಿಡುತ್ತದೆ. ನನ್ನ ಮುಂದಿದ್ದದ್ದು ಬಹಳ ಅಪರೂಪದ, ಹಾನಿಯಿಲ್ಲದ ಒಂದು ರಕ್ತನಾಳದ ಗಡ್ಡೆ ಎಂದು ನನಗೆ ಅನ್ನಿಸಿತು. ಅನಾಸ್ಟೊಮೋಸಿಂಗ್ ಹೀಮಾಂಜಿಯೋಮ ಎನ್ನುತ್ತಾರೆ. ಮೂತ್ರಪಿಂಡದಲ್ಲಿ ಆಗೀಗ ಸಿಗುತ್ತದೆ, ಯಕೃತ್ತಿನಲ್ಲಿ ನಾನು ಅದುವರೆಗೆ ನೋಡಿರಲಿಲ್ಲ. ಅದು ನಿಧಾನವಾಗಿ ಬೆಳೆಯಬಹುದು, ಆದರೆ ಬೇರೆಡೆಗೆ ಹರಡುವುದಿಲ್ಲ, ಕೊಲ್ಲುವುದಿಲ್ಲ. ಅದಕ್ಕೆ ಕೀಮೋ ಬೇಕಾಗಿಲ್ಲ.

ಆ ಮಂಗಳವಾರ ಬೆಳಿಗ್ಗೆ ಫೋಟೋಗಳನ್ನು ತೆಗೆದುಕೊಂಡು ಅಣ್ಣನ ಕೋಣೆಗೆ ಹೋದೆ. ಅವರು ಒಂದೊಂದನ್ನೂ ತಾಳ್ಮೆಯಿಂದ ನೋಡಿದರು.

"ಬಯಾಪ್ಸಿ ತುಂಬ ಚಿಕ್ಕದು ಕಣಮ್ಮ," ಎಂದರು. "ಸೂಜಿ ಒಂದು ಮೂಲೆಗೆ ಹೋಗಿರತ್ತೆ. ಪಕ್ಕದಲ್ಲೇ ಕ್ಯಾನ್ಸರ್ ಇರಬಹುದಲ್ವಾ?"

"ಇರಬಹುದು ಅಣ್ಣ. ಆದ್ರೆ ಮೂರು ವರ್ಷ ಎಲ್ಲೂ spread ಆಗಿಲ್ಲ. ಈ ಥರ ಗಡ್ಡೇಲಿ GNAQ ಅನ್ನೋ ಜೀನ್‌ನಲ್ಲಿ mutation ಸಿಗತ್ತೆ. ಅದನ್ನ ನೋಡಿದ್ರೆ ಗೊತ್ತಾಗತ್ತೆ."

"Correct. ನಾನು sequence ಮಾಡಿಸ್ತೀನಿ. ಎರಡು ವಾರ ಕೊಡು. ಅಲ್ಲೀವರೆಗೆ ಆಸ್ಪತ್ರೆಯವರಿಗೆ ಏನೂ ಹೇಳ್ಬೇಡ. ಅರ್ಧಂಬರ್ಧ ಹೇಳಿ patientನ ಗಾಬರಿ ಮಾಡಿದ್ರೆ ಅದು ತಪ್ಪಾಗತ್ತೆ."

ಮಾತು ಸರಿಯಾಗಿತ್ತು. ನಿಯಮವೂ ಅದೇ. ಸಂಶೋಧನೆಯಲ್ಲಿ ರೋಗಿಗೆ ಸಂಬಂಧಿಸಿದ್ದೇನಾದರೂ ಕಂಡರೆ ಅದನ್ನು ತಂಡದ ಮುಖ್ಯಸ್ಥರೇ ಆಸ್ಪತ್ರೆಗೆ ತಿಳಿಸಬೇಕು. ನಾನು ಹದಿನೆಂಟನೆಯ ಸ್ಲೈಡಿಗೆ ಹೋದೆ.

ಎರಡು ವಾರ ಕಳೆದ ಮೇಲೆ ಕೇಳಿದೆ. ಹಳೆಯ ಮೇಣದ ಅಚ್ಚಾದ್ದರಿಂದ ಡಿಎನ್ಎ ತುಂಡುತುಂಡಾಗಿದೆ, ಮತ್ತೊಮ್ಮೆ ಮಾಡಿಸುತ್ತಿದ್ದೇನೆ ಎಂದರು. ಹಾಗಾಗುವುದು ಉಂಟು, ನಂಬಿದೆ. ನಾಲ್ಕನೆಯ ವಾರ ಆಸ್ಪತ್ರೆಗಳಿಂದ ರೋಗಿಗಳ ಹೊಸ ವಿವರ ಬಂತು. ಹದಿನೇಳರ ಹಾಳೆಯನ್ನು ನಾನೇ ಕಡತಕ್ಕೆ ಸೇರಿಸಿದೆ. ಪ್ರತಿ ಗುರುವಾರ ಡ್ರಿಪ್, ಮೂರು ವಾರ ಕೊಟ್ಟು ಒಂದು ವಾರ ಬಿಡುವು. ಅದರ ಕೆಳಗೆ ಅಡ್ಡಪರಿಣಾಮಗಳ ಸಾಲು: ಎರಡೂ ಕೈಬೆರಳುಗಳಲ್ಲಿ ಜೋಮು ಹೆಚ್ಚಾಗಿದೆ, ಅಂಗಿಯ ಗುಂಡಿ ಹಾಕಲು ಕಷ್ಟ, ಕತ್ತರಿ ಹಿಡಿಯಲಾಗದೆ ಅಂಗಡಿ ಮುಚ್ಚಿದ್ದಾರೆ.

ಆ ಹಾಳೆ ಹಿಡಿದುಕೊಂಡು ಅಣ್ಣನ ಹತ್ತಿರ ಹೋದೆ. ಅವರಿಗೂ ನೋವಾದಂತೆ ಕಂಡಿತು. "ಪಾಪ," ಎಂದರು. "ಇನ್ನೊಂದು ವಾರ ತಡ್ಕೋ. Result ಬಂದೇಬಿಡತ್ತೆ." ನಾನು ತಡೆದುಕೊಂಡೆ.

ಐದು ವಾರ ತುಂಬಿದ ಮಂಗಳವಾರ, ಇಪ್ಪತ್ತೆರಡನೆಯ ಪ್ರಕರಣದ ಬಗ್ಗೆ ಒಂದು ಸಣ್ಣ ಗೊಂದಲವಿತ್ತು. ಲ್ಯಾಬಿನ ಜೀನ್ ದತ್ತಾಂಶವನ್ನೆಲ್ಲ ನೋಡಿಕೊಳ್ಳುತ್ತಿದ್ದ ಮಹಿಳೆಯ ಬಳಿ ಹೋಗಿ ಕೇಳಿದೆ. ಐವತ್ತು ದಾಟಿದವರು, ಯಾವ ಕಡತ ಎಲ್ಲಿದೆ ಎಂದು ಹುಡುಕದೆ ಹೇಳುವವರು. ಅವರು ಮೂಲ ಪಟ್ಟಿಯನ್ನೇ ತೆರೆದು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಇಪ್ಪತ್ತೆರಡನ್ನು ಹುಡುಕುತ್ತ ಹದಿನೇಳರ ಸಾಲು ಕಣ್ಣಿಗೆ ಬಿತ್ತು. ಅಲ್ಲಿ GNAQ ಎಂದು ಬರೆದಿತ್ತು.

"ಇದು ಯಾವಾಗ ಬಂತು?" ಎಂದು ಜಪಾನಿಯಲ್ಲಿ ಕೇಳಿದೆ. ಈ ವಾರ ಬಂದಿರಬೇಕು, ಅಣ್ಣನಿಗೆ ಇನ್ನೂ ಗೊತ್ತಿಲ್ಲ, ಓಡಿಹೋಗಿ ಹೇಳಬೇಕು ಅಂತಲೇ ನನ್ನ ಮನಸ್ಸಿನಲ್ಲಿದ್ದದ್ದು.

"ಇದಾ? ಎರಡು ವರ್ಷ ಆಯಿತು. ಮೊದಲ ಬ್ಯಾಚ್‌ನಲ್ಲೇ."

"ಮೊನ್ನೆ ಮತ್ತೆ ಮಾಡಿಸಿದ್ದು ಏನಾಯಿತು?"

ಅವರು ನನ್ನ ಮುಖ ನೋಡಿದರು. "ಹದಿನೇಳನ್ನು ಮತ್ತೆ ಮಾಡಿಸಿಲ್ಲವಲ್ಲ. ಮಾಡಿಸಿದ್ದರೆ ನನ್ನ ಹತ್ತಿರವೇ ಬರಬೇಕು."

ಆ ಸಾಲಿನ ಕೊನೆಯ ಚೌಕದಲ್ಲಿ ಅಣ್ಣನ ಟಿಪ್ಪಣಿಯಿತ್ತು, ಕೆಳಗೆ ಅವರ ಹೆಸರಿನ ಮೊದಲಕ್ಷರಗಳು, ಎರಡು ವರ್ಷದ ಹಿಂದಿನ ತಾರೀಖು. ಹಾನಿಯಿಲ್ಲದ ಗಡ್ಡೆಗಳಲ್ಲಿ ಕಾಣುವ ಬದಲಾವಣೆ ಇದು, ಲೇಖನದ ಪಟ್ಟಿಯಿಂದ ತೆಗೆಯಿರಿ ಎಂದು ಬರೆದಿದ್ದರು. ರೋಗಿಯನ್ನು ಹಾಗೇ ಇಟ್ಟುಕೊಂಡು ಬದಲಾವಣೆಯನ್ನು ಮಾತ್ರ ತೆಗೆಸಿದ್ದರು.

ಅರಿಗಾತೋ ಎಂದು ಧನ್ಯವಾದ ಹೇಳಿ ಹೊರಗೆ ಬಂದೆ. ಕಾರಿಡಾರಿನ ಕೊನೆಯಲ್ಲಿ ಪಾನೀಯದ ಮೆಷಿನ್ ಇತ್ತು, ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ ಎಂದು ಕಾಣುತ್ತದೆ. ಹಿಂದೆ ಯಾರೋ ಸುಮಿಮಾಸೆನ್ ಎಂದು ದಾರಿ ಕೇಳಿದಾಗ ಪಕ್ಕಕ್ಕೆ ಸರಿದೆ. ನನ್ನ ಫೋಟೋಗಳನ್ನು ತಾಳ್ಮೆಯಿಂದ ನೋಡಿದರಲ್ಲ, GNAQ ಎಂಬ ಹೆಸರನ್ನು ನನ್ನ ಬಾಯಿಂದ ಕೇಳಿದಾಗ ತಲೆಯಾಡಿಸಿದರಲ್ಲ, ಅದೇ ಮತ್ತೆ ಮತ್ತೆ ನೆನಪಾಗುತ್ತಿತ್ತು. ನನಗಿಂತ ಎರಡು ವರ್ಷ ಮೊದಲು ಅವರಿಗೆ ಉತ್ತರ ಸಿಕ್ಕಿತ್ತು.

ಅವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

"ಹದಿನೇಳರ result ಎರಡು ವರ್ಷದಿಂದ ಇದೆ ಅಣ್ಣ. ನಿಮ್ಮ note ನೋಡಿದೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಗ ಅದನ್ನ noise ಅಂದ್ಕೊಂಡಿದ್ದೆ. ಆಸ್ಪತ್ರೆಯವರೇ ಕ್ಯಾನ್ಸರ್ ಅಂತ ಬರೆದಿದ್ರು. ನಾನು ಡಾಕ್ಟರ್ ಅಲ್ಲ."

"ಐದು ವಾರದ ಹಿಂದೆ ನಾನು ಹೇಳಿದ್ನಲ್ಲ. ಆಗ್ಲಾದ್ರೂ?"

"ಪೇಪರ್ revisionನಲ್ಲಿದೆ. ಈ ಲ್ಯಾಬ್‌ನ ಮುಂದಿನ ಐದು ವರ್ಷ ಅದರ ಮೇಲೆ ನಿಂತಿದೆ. ನಿನ್ನ ಕೆಲಸಾನೂ ಸೇರಿ. ಒಂದು ತಿಂಗಳು ಕೊಡು. Accept ಆಗ್ಲಿ, ನಾನೇ ಹೋಗಿ ಆಸ್ಪತ್ರೆಗೆ ಹೇಳ್ತೀನಿ."

"ನಾಡಿದ್ದು ಗುರುವಾರ. ಅವರಿಗೆ ಮತ್ತೆ ಡ್ರಿಪ್ ಇದೆ."

"ಮೂರು ವರ್ಷದಿಂದ ತಗೋತಿದಾರಲ್ಲಮ್ಮ. ಇನ್ನೊಂದು ನಾಲ್ಕಕ್ಕೆ ಏನಾಗತ್ತೆ?"

ಇದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಶಿಶುವಿಹಾರದ ಅರ್ಜಿಯಲ್ಲಿ ಯಾವ ಚೌಕದಲ್ಲಿ ಏನು ಬರೆಯಬೇಕೆಂದು ಹೇಳಿಕೊಟ್ಟಿದ್ದರಲ್ಲ, ಅದೇ ಮೆತ್ತಗಿನ ದನಿ.

ಸಂಜೆ ಊಟದ ಮೇಜಿನಲ್ಲಿ ಗಂಡನಿಗೆ ಎಲ್ಲ ಹೇಳಿದೆ. ಅವನ ವೀಸಾ ನನ್ನ ಕೆಲಸಕ್ಕೆ ಅಂಟಿಕೊಂಡದ್ದು, ಮಗಳ ಶಾಲೆಯೂ ಹಾಗೇ. ಅದನ್ನು ಅವನು ಎತ್ತುತ್ತಾನೆ ಎಂದುಕೊಂಡಿದ್ದೆ.

"Rule ಪ್ರಕಾರ ನೀನು direct ಆಗಿ ಹೋಗೋ ಹಾಗಿಲ್ವಾ?" ಎಂದು ಕೇಳಿದ.

"ಇಲ್ಲ. ಅವರ ಮೂಲಕಾನೇ ಹೋಗ್ಬೇಕು."

"ಊರಲ್ಲಿ ನಿನ್ನ boss ಹೀಗೆ ಹೇಳಿದ್ರೆ ಐದು ವಾರ ಕಾಯ್ತಿದ್ಯಾ?"

ನಾನು ಮಗಳ ತಟ್ಟೆಗೆ ಅನ್ನ ಬಡಿಸಿದೆ.

"ಅವರು ಅಣ್ಣ ಅಂತ ಕಾದೆ ನೀನು," ಎಂದ. ಮಗಳು ತಟ್ಟೆಯಿಂದ ತಲೆಯೆತ್ತಿ, "ಮಾಮ did something?" ಎಂದು ಕೇಳಿದಳು. ಅವಳಿಗೆ ಏನೂ ಇಲ್ಲ ಎಂದೆ. ಗಂಡ ಅವಳಿಗೆ ಮೊಸರು ಬಡಿಸುತ್ತ, "ನಾಳೆ ಅವಳನ್ನ ಬಿಡೋದು, ಕರ್ಕೊಂಡ್ ಬರೋದು ನಾನ್ ಮಾಡ್ತೀನಿ. ನೀನು ಹೋಗ್ಬಾ," ಎಂದ.

ಬುಧವಾರ ಬೆಳಿಗ್ಗೆ ಲ್ಯಾಬಿಗೆ ಹೋಗಿ ಹದಿನೇಳರ ಸ್ಲೈಡುಗಳನ್ನೂ ಜೀನ್ ಪಟ್ಟಿಯ ಒಂದು ಪ್ರತಿಯನ್ನೂ ಪೆಟ್ಟಿಗೆಗೆ ಹಾಕಿಕೊಂಡೆ. ಹೊರಗೆ ಒಯ್ದವರ ಪುಸ್ತಕದಲ್ಲಿ ನನ್ನ ಹೆಸರು, ಸಮಯ, ಕಾರಣ ಬರೆದೆ. ಕಾರಣದ ಜಾಗದಲ್ಲಿ "ರೋಗನಿರ್ಣಯದ ಮರುಪರಿಶೀಲನೆ" ಎಂದು ಬರೆದು ಆ ಆಸ್ಪತ್ರೆಗೆ ರೈಲು ಹತ್ತಿದೆ. ಅಲ್ಲಿನ ಪ್ಯಾಥಾಲಜಿ ವಿಭಾಗದ ಮುಖ್ಯಸ್ಥೆಯ ಭೇಟಿಯನ್ನು ಫೋನಿನಲ್ಲಿ ಕೇಳಿಕೊಂಡಿದ್ದೆ. ಮೂರು ವರ್ಷದ ಹಿಂದೆ ಆಂಜಿಯೋಸಾರ್ಕೋಮ ಎಂದು ಸಹಿ ಹಾಕಿದವರು ಅವರೇ. ನಿವೃತ್ತಿಗೆ ಒಂದು ವರ್ಷವಿತ್ತು. ದಾರಿಯುದ್ದಕ್ಕೂ ಅವರು ನನ್ನನ್ನು ಹೇಗೆ ಹೊರಗೆ ಕಳಿಸಬಹುದು ಎಂದು ಊಹಿಸುತ್ತ ಕುಳಿತಿದ್ದೆ. ಪರವಾನಗಿಯಿಲ್ಲದ ಒಬ್ಬಳು ವಿದೇಶಿ, ತನ್ನ ಮುಖ್ಯಸ್ಥನ ಪತ್ರವೂ ಇಲ್ಲದೆ ಬಂದು, ನಿಮ್ಮ ವರದಿ ತಪ್ಪು ಎನ್ನುತ್ತಿದ್ದಾಳೆ.

ಇಬ್ಬರು ಎದುರುಬದುರು ಕೂತು ಒಂದೇ ಸ್ಲೈಡನ್ನು ನೋಡುವ ಮೈಕ್ರೋಸ್ಕೋಪ್ ಅವರ ಕೋಣೆಯಲ್ಲಿತ್ತು. ಸಂಖ್ಯೆ ಹೇಳಿದೆ. ಅವರು ತಮ್ಮ ಹಳೆಯ ವರದಿಯನ್ನು ತೆಗೆಸಿ ಪಕ್ಕದಲ್ಲಿಟ್ಟುಕೊಂಡರು. ಸ್ಲೈಡನ್ನು ಅವರೇ ನಡೆಸಿದರು. ನಾನು ಏನನ್ನೂ ತೋರಿಸಲಿಲ್ಲ, ತೋರಿಸಬೇಕಾಗಲೂ ಇಲ್ಲ. ಬಲೆಯ ಹತ್ತಿರ ನಿಂತರು, ಅಂಚಿನ ಹತ್ತಿರ ನಿಂತರು, ಆಮೇಲೆ ನಾನು ಹುಡುಕಿದಂತೆಯೇ ಈ ತುದಿಯಿಂದ ಆ ತುದಿಗೆ ಇಬ್ಭಾಗವಾಗುವ ಕೋಶವನ್ನು ಹುಡುಕತೊಡಗಿದರು. ಕಂದು ಬಣ್ಣದ ಸ್ಲೈಡ್ ಹಾಕಿದರು. ಕೊನೆಗೆ ಜೀನ್ ಪಟ್ಟಿಯ ಪ್ರತಿ ಕೊಟ್ಟೆ.

ಅದನ್ನು ಓದಿ ಅವರು ಹೇಳಿದ್ದು ಒಂದೇ ವಾಕ್ಯ. "ಇದು ನನ್ನ ತಪ್ಪು."

ಹೇಳಿ, ಫೋನ್ ತೆಗೆದುಕೊಂಡು ಯಕೃತ್ತಿನ ವಿಭಾಗದ ವೈದ್ಯರಿಗೆ ಕರೆ ಮಾಡಿದರು. ನಾಳೆಯ ಡ್ರಿಪ್ ನಿಲ್ಲಿಸಿ, ಸ್ಲೈಡುಗಳನ್ನು ಹೊರಗಿನ ತಜ್ಞರಿಗೆ ಕಳಿಸುತ್ತಿದ್ದೇನೆ, ಅವರ ಉತ್ತರ ಬರುವವರೆಗೆ ಏನನ್ನೂ ಕೊಡಬೇಡಿ ಎಂದರು. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿದರು.

"ನಿಮಗೆ ಮೊದಲು ಅನುಮಾನ ಬಂದದ್ದು ಯಾವಾಗ?"

ಹೇಳಿದೆ.

"ಐದು ವಾರ," ಎಂದು ವರದಿಯ ಅಂಚಿನಲ್ಲಿ ಬರೆದುಕೊಂಡರು. ಬಯ್ಯಲಿಲ್ಲ. ಕಾರಣ ಕೇಳಲೂ ಇಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅಲ್ಲಿಯವರೆಗೆ ನಾನು ಮೋಸ ಹೋದವಳು ಎಂದೇ ತಿಳಿದಿದ್ದೆ. ಆ ಐದು ವಾರದಲ್ಲಿ ಬಿಡುವಿನ ಗುರುವಾರ ಒಂದೇ. ಉಳಿದ ನಾಲ್ಕು ಗುರುವಾರ ಆ ಮನುಷ್ಯನ ನರಕ್ಕೆ ಔಷಧ ಹೋಗಿತ್ತು, ನನಗೆ ಗೊತ್ತಿದ್ದೂ.

ಹೊರಗಿನ ಇಬ್ಬರು ತಜ್ಞರ ಉತ್ತರವೂ ನಮ್ಮದನ್ನೇ ಹೇಳಿತು. ಹಳೆಯ ಸ್ಕ್ಯಾನುಗಳನ್ನೆಲ್ಲ ಜೋಡಿಸಿ ನೋಡಿದ ವೈದ್ಯರು, ಗಡ್ಡೆಯನ್ನು ಮುಟ್ಟದೆ ಆಗಾಗ ನೋಡುತ್ತಿದ್ದರೆ ಸಾಕು ಎಂದು ನಿರ್ಧರಿಸಿದರು. ರೋಗಿಗೆ ವಿಷಯ ತಿಳಿಸುವಾಗ ನಾನು ಇರಲಿಲ್ಲ, ಇರುವ ಹಾಗೂ ಇರಲಿಲ್ಲ. ಪ್ಯಾಥಾಲಜಿಸ್ಟರು ಸಾಮಾನ್ಯವಾಗಿ ರೋಗಿಯ ಎದುರು ಹೋಗುವುದಿಲ್ಲ. ಆ ವಿಭಾಗದ ಮುಖ್ಯಸ್ಥೆ ಹೋದರು. ಕ್ಷೌರಿಕರೂ ಅವರ ಹೆಂಡತಿಯೂ ಬಂದಿದ್ದರಂತೆ. ಈಕೆ ಎದ್ದು ನಿಂತು ಸೊಂಟದವರೆಗೆ ಬಾಗಿ ಕ್ಷಮೆ ಕೇಳಿದರಂತೆ. ನನಗೆ ಇದನ್ನು ಆಮೇಲೆ ಫೋನಿನಲ್ಲಿ ಅವರೇ ಹೇಳಿದರು.

"ಅವರು ಎರಡೇ ಪ್ರಶ್ನೆ ಕೇಳಿದರು," ಎಂದರು. "ಬೆರಳು ಮೊದಲಿನ ಹಾಗೆ ಆಗುತ್ತದೆಯೇ ಎಂದು ಕೇಳಿದರು. ಸ್ವಲ್ಪ ಸುಧಾರಿಸಬಹುದು, ಪೂರ್ತಿ ಆಗುತ್ತದೆಂದು ಮಾತು ಕೊಡಲಾರೆ ಎಂದೆ. ಆಮೇಲೆ, ತಪ್ಪೆಂದು ಗೊತ್ತಾದದ್ದು ಯಾವತ್ತು ಎಂದು ಕೇಳಿದರು."

"ಏನು ಹೇಳಿದಿರಿ?"

"ಇದ್ದದ್ದನ್ನು ಹೇಳಿದೆ. ನನಗೆ ಗೊತ್ತಾದದ್ದು ಬುಧವಾರ. ಅದಕ್ಕೆ ಐದು ವಾರ ಮೊದಲು ಒಬ್ಬ ಸಂಶೋಧಕರಿಗೆ ಅನುಮಾನ ಬಂದಿತ್ತು. ಅದಕ್ಕೂ ಎರಡು ವರ್ಷ ಮೊದಲು ಒಂದು ಪಟ್ಟಿಯಲ್ಲಿ ಉತ್ತರ ಇತ್ತು."

ಆಸ್ಪತ್ರೆಯ ಸಮಿತಿ ರೋಗಿಗೆ ಕೊಟ್ಟ ಲಿಖಿತ ವಿವರಣೆಯಲ್ಲೂ ಈ ಮೂರು ಸಾಲುಗಳು ಇದೇ ಕ್ರಮದಲ್ಲಿವೆ. ನಡುವಿನದು ನನ್ನದು.

ಸಂಸ್ಥೆಯಲ್ಲಿ ವಿಚಾರಣೆ ನಡೆಯಿತು. ಲೇಖನವನ್ನು ಹಿಂದಕ್ಕೆ ತೆಗೆದುಕೊಂಡರು. ಅಣ್ಣನಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು, ರೋಗಿಗಳ ಮಾದರಿ ಬಳಸುವ ಕೆಲಸಗಳಿಂದ ಒಂದಷ್ಟು ಕಾಲ ದೂರ ಇಟ್ಟರು, ಲ್ಯಾಬ್ ಅವರ ಕೈಯಲ್ಲೇ ಉಳಿಯಿತು. ಸ್ಲೈಡುಗಳನ್ನು ಅನುಮತಿಯಿಲ್ಲದೆ ಹೊರಗೆ ಒಯ್ದದ್ದಕ್ಕೆ ನಾನೂ ವಿವರಣೆ ಬರೆದುಕೊಟ್ಟೆ. ನನ್ನ ಒಪ್ಪಂದ ಮುಂದುವರಿಯಲಿಲ್ಲ. ಅದೇ ಕ್ಯಾಂಪಸ್ಸಿನ ಇನ್ನೊಂದು ಕಟ್ಟಡದಲ್ಲಿ, ಇಲಿಗಳ ಯಕೃತ್ತಿನ ಮೇಲೆ ಕೆಲಸ ಮಾಡುವ ತಂಡದಲ್ಲಿ ಒಂದು ವರ್ಷದ ಕೆಲಸ ಸಿಕ್ಕಿದ್ದು ನಮ್ಮ ಅದೃಷ್ಟ.

ವಿಚಾರಣೆಯ ನಡುವೆ ಅಣ್ಣ ಒಮ್ಮೆ ಮಾತ್ರ ನನ್ನ ಹತ್ತಿರ ಬಂದು ಮಾತಾಡಿದ್ದರು. "ನನ್ನ ಹತ್ರ ಇನ್ನೊಂದ್ಸಲ ಬರಬಹುದಿತ್ತಲ್ಲ ನೀನು," ಎಂದರು. "ಮನೆಯವಳ ಥರ ನೋಡ್ಕೊಂಡೆ. ಬೆನ್ನ ಹಿಂದೆ ಹೋಗಿ ಹೀಗೆ ಮಾಡ್ದೆ." ಅವರ ಕಣ್ಣಲ್ಲಿ ನೀರಿತ್ತು. ಅದು ನಟನೆ ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ತಮಗೇ ಮೋಸವಾಯಿತೆಂದು ಅವರು ನಿಜವಾಗಿ ನಂಬಿದ್ದರು. ಅವರ ಹೆಂಡತಿ ನನ್ನ ಮೆಸೇಜುಗಳಿಗೆ ಉತ್ತರಿಸುವುದನ್ನು ನಿಲ್ಲಿಸಿದರು. ಆ ವರ್ಷ ಯುಗಾದಿಗೆ ನಮ್ಮನ್ನು ಯಾರೂ ಕರೆಯಲಿಲ್ಲ.

ಕಳೆದ ತಿಂಗಳು ಆಸ್ಪತ್ರೆಯ ಆ ವೈದ್ಯೆ ನಿವೃತ್ತರಾದರು. ಹೊರಡುವ ಮುಂಚೆ ಫೋನ್ ಮಾಡಿ, ಕ್ಷೌರಿಕರು ಅಂಗಡಿಯನ್ನು ಮಗಳಿಗೆ ಬಿಟ್ಟುಕೊಟ್ಟಿದ್ದಾರೆ, ಈಗ ಗಿರಾಕಿಗಳ ತಲೆ ತೊಳೆಯುವ ಕೆಲಸ ಮಾತ್ರ ಮಾಡುತ್ತಾರೆ, ನೀರು ಬಿಸಿಯೋ ತಣ್ಣಗೋ ಎಂದು ಬೆರಳಿಗೆ ತಿಳಿಯದ ಕಾರಣ ಮೊಣಕೈಯಿಂದ ಮುಟ್ಟಿ ನೋಡಿಕೊಳ್ಳುತ್ತಾರೆ ಎಂದರು.

ಅದೇ ವಾರ ಕ್ಯಾಂಪಸ್ಸಿನ ಬಸ್ ನಿಲ್ದಾಣದಲ್ಲಿ ನನ್ನ ಹಳೆಯ ಲ್ಯಾಬಿನ ಮುಖ್ಯಸ್ಥರು ಸಿಕ್ಕಿದರು. ಇಬ್ಬರೇ ಇದ್ದೆವು. ಅವರು ಸ್ವಲ್ಪ ಬಾಗಿ, ನನ್ನ ಗುರುತಿನ ಚೀಟಿಯಲ್ಲಿರುವ ಹೆಸರಿಗೆ ಜಪಾನಿನ ಔಪಚಾರಿಕ ಸಾನ್ ಸೇರಿಸಿ ಕರೆದು, "ಒತ್ಸುಕಾರೆಸಾಮಾ ದೆಸು," ಎಂದರು. ದಿನದ ಕೆಲಸ ಮುಗಿಸಿ ಹೋಗುವ ಯಾರಿಗಾದರೂ ಇಲ್ಲಿ ಹೇಳುವ ಮಾತು. ಪರಿಚಯವಾದ ದಿನದಿಂದ ಅವರು ನನ್ನ ಜೊತೆ ಕನ್ನಡ ಬಿಟ್ಟು ಬೇರೆ ಮಾತಾಡಿದ್ದು ಇದೇ ಮೊದಲು.

ಅಣ್ಣ ಎನ್ನಲು ನನಗೆ ಬಾಯಿ ಬರಲಿಲ್ಲ. "ಆ ಕ್ಷೌರಿಕರ ಬೆರಳು ಇನ್ನೂ ಸರಿಹೋಗಿಲ್ಲ," ಎಂದೆ, ಕನ್ನಡದಲ್ಲೇ.

"ಸೋ ದೆಸು ಕಾ," ಎಂದರು. ಹೌದಾ, ಎಂದು. ಹೇಳಿ, ಬಸ್ ಬರುವ ದಿಕ್ಕಿಗೆ ಮುಖ ತಿರುಗಿಸಿಕೊಂಡರು.